ಗೈರ್‌ಮುಲ್ಕಿ ಹವಾಲ್ದಾರ



ಪ್ರತಿ ವರ್ಷ ಸೆಪ್ಟೆಂಬರ್ 17ರ ಬೆಳಿಗ್ಗೆ ಹಳ್ಳಿಖೇಡ (ಬಿ), ಹುಮನಾಬಾದ್, ಬಸವಕಲ್ಯಾಣದ ಶಾಲೆಗಳ ಅಂಗಳದಲ್ಲಿ ರಾಷ್ಟ್ರಧ್ವಜ ಏರುತ್ತದೆ. ಆಗಸ್ಟ್ 15ರ ಹಬ್ಬ ಮುಗಿದು ತಿಂಗಳು ಕಳೆಯುವಷ್ಟರಲ್ಲಿ ಬರುವ ಈ ಎರಡನೆಯ ಹಬ್ಬ ಮೈಸೂರಿನ ಅಥವಾ ಮಂಗಳೂರಿನ ವಿದ್ಯಾರ್ಥಿಗಳಿಗೆ ಇಲ್ಲ. ಅದು ಬೀದರ್, ಕಲಬುರಗಿ, ರಾಯಚೂರು ಸೀಮೆಯದು. ದೇಶ ಸ್ವತಂತ್ರವಾಗಿ 13 ತಿಂಗಳು ಕಳೆದ ಮೇಲೆ, 1948ರ ಆ ದಿನ ನಿಜಾಮನ ಹೈದರಾಬಾದ್ ಸಂಸ್ಥಾನ ಶರಣಾಯಿತು. ಇಷ್ಟನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಸರ್ದಾರ್ ಪಟೇಲರ ಹೆಸರು, ಸ್ವಾಮಿ ರಮಾನಂದ ತೀರ್ಥರ ಹೆಸರು ಭಾಷಣಗಳಲ್ಲಿ ಕೇಳಿದ್ದೀರಿ. ಆದರೆ ಆ ಐದು ದಿನಗಳ ಕಾರ್ಯಾಚರಣೆಯ ಮೊದಲ ದಿನವೇ ಪ್ರಾಣ ಬಿಟ್ಟ ಒಬ್ಬ ಹವಾಲ್ದಾರನ ಹೆಸರು ಕೇಳಿದ್ದೀರಾ? ಅವನ ಹೆಸರು ಬಚಿತ್ತರ್ ಸಿಂಗ್. ಪಂಜಾಬಿನ ಲೋಪೋ ಎಂಬ ಹಳ್ಳಿಯವನು. ಈ ನಾಡಿಗೆ ಅವನು ಪೂರಾ ಹೊರಗಿನವನು.

ಅವನ ಕಥೆ ಹೇಳುವ ಮೊದಲು ನಿಮ್ಮೂರಿನ ಹೆಸರನ್ನೇ ಒಮ್ಮೆ ನೋಡೋಣ. ಹಳ್ಳಿಖೇಡದ ಮುಂದೆ ಕಂಸದಲ್ಲಿ ‘ಬಿ’ ಎಂದು ಯಾಕೆ ಬರೆಯುತ್ತಾರೆ? ಅದು ‘ಬುಜುರ್ಗ್’ ಎಂಬ ಫಾರಸಿ ಮಾತಿನ ಮೊದಲ ಅಕ್ಷರ. ಬುಜುರ್ಗ್ ಎಂದರೆ ಹಿರಿಯದು, ದೊಡ್ಡದು. ಬೇರೆ ಕೆಲವು ಊರುಗಳ ಮುಂದೆ ‘ಕೆ’ ಎಂದು ಕಾಣುತ್ತದೆ. ಅದು ‘ಖುರ್ದ್’, ಎಂದರೆ ಕಿರಿಯದು. ಹಳ್ಳಿ ಎಂಬುದು ಅಚ್ಚ ಕನ್ನಡ, ಖೇಡ ಎಂಬುದು ಮರಾಠಿಯ ಕಡೆಯ ಮಾತು, ಬುಜುರ್ಗ್ ಫಾರಸಿ. ಮೂರು ನುಡಿಗಳು ಒಂದೇ ಊರಿನ ಹಲಗೆಯ ಮೇಲೆ ಸೇರಿವೆ. ಹೊರಗಿನಿಂದ ಬಂದ ಮಾತು ಇಲ್ಲೇ ನೆಲೆ ನಿಂತು, ಈಗ ಯಾರಿಗೂ ಅದು ಹೊರಗಿನದು ಎಂದು ಅನಿಸುವುದೇ ಇಲ್ಲ.

ಮನುಷ್ಯರ ವಿಷಯ ಅಷ್ಟು ಸುಲಭವಾಗಿರಲಿಲ್ಲ. ನಿಜಾಮನ ಆಡಳಿತದಲ್ಲಿ ಎರಡು ಮಾತುಗಳು ಬಹಳ ಬಳಕೆಯಲ್ಲಿದ್ದವು: ‘ಮುಲ್ಕಿ’ ಮತ್ತು ‘ಗೈರ್‌ಮುಲ್ಕಿ’. ಮುಲ್ಕ್ ಎಂದರೆ ನಾಡು. ಇಲ್ಲಿ ಹುಟ್ಟಿದವನು ಅಥವಾ ಬಹುಕಾಲ ಇಲ್ಲಿ ನೆಲಸಿ ಆ ಹಕ್ಕು ಪಡೆದವನು ಮುಲ್ಕಿ, ಉಳಿದವರು ಗೈರ್‌ಮುಲ್ಕಿಗಳು. ಸಂಸ್ಥಾನದ ನೌಕರಿ ಮುಲ್ಕಿಗಳಿಗೆ ಮೀಸಲು ಎಂಬುದು ನಿಯಮ. ಉತ್ತರದಿಂದ ಬಂದ ವಿದ್ಯಾವಂತರು ದೊಡ್ಡ ಹುದ್ದೆಗಳನ್ನು ಹಿಡಿಯುತ್ತಿದ್ದುದರಿಂದ ಸ್ಥಳೀಯರಿಗೆ ರಕ್ಷಣೆ ಬೇಕಾಗಿತ್ತು. ನಿಮ್ಮಲ್ಲಿ ಕಾಲೇಜಿಗೆ ಅರ್ಜಿ ಹಾಕಿದವರಿಗೆ ಈ ವಿಚಾರ ಹೊಸದಲ್ಲ. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಬಂದ 371(ಜೆ) ವಿಧಿಯ ಪ್ರಮಾಣಪತ್ರಕ್ಕಾಗಿ ನೀವೂ ತಹಶೀಲ್ದಾರ್ ಕಚೇರಿಗೆ ಹೋಗಿದ್ದಿರಬಹುದು. ಹಿಂದುಳಿದ ಪ್ರದೇಶದ ಮಕ್ಕಳಿಗೆ ಅದು ನ್ಯಾಯವಾಗಿ ಸಲ್ಲಬೇಕಾದ ಅನುಕೂಲ. ಆದರೆ ‘ಇವನು ನಮ್ಮವನೇ?’ ಎಂಬ ಪ್ರಶ್ನೆಗೆ ಪ್ರಮಾಣಪತ್ರವೊಂದೇ ಉತ್ತರವಾಗಬಲ್ಲದೇ? ಬಚಿತ್ತರ್ ಸಿಂಗನ ಕಥೆ ಈ ಪ್ರಶ್ನೆಯನ್ನು ನಮ್ಮ ಮುಂದೆ ಇಡುತ್ತದೆ.

ಈಗ 1947ಕ್ಕೆ ಬನ್ನಿ. ಬ್ರಿಟಿಷರು ಹೊರಟಾಗ ಹೈದರಾಬಾದ್ ದೇಶದ ದೊಡ್ಡ ಸಂಸ್ಥಾನಗಳಲ್ಲಿ ಒಂದು. ವಿಸ್ತೀರ್ಣ ಸುಮಾರು 82,000 ಚದರ ಮೈಲಿ. 1941ರ ಜನಗಣತಿಯಂತೆ ಜನಸಂಖ್ಯೆ 1 ಕೋಟಿ 60 ಲಕ್ಷಕ್ಕೂ ಹೆಚ್ಚು. ತೆಲುಗು, ಮರಾಠಿ, ಕನ್ನಡ, ಉರ್ದು ಮಾತಾಡುವ ಜನ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೂ ಸೇರದೆ, ಪಾಕಿಸ್ತಾನಕ್ಕೂ ಸೇರದೆ ಸ್ವತಂತ್ರವಾಗಿ ಉಳಿಯಲು ಬಯಸಿದ. 1947ರ ನವೆಂಬರ್ 29ರಂದು ಭಾರತ ಸರ್ಕಾರದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆದರೆ ಯಥಾಸ್ಥಿತಿ ಉಳಿಯಲಿಲ್ಲ. ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರು ಹಳ್ಳಿಹಳ್ಳಿಗೆ ನುಗ್ಗಿದರು. ಸ್ವಾಮಿ ರಮಾನಂದ ತೀರ್ಥರ ಮುಂದಾಳತನದ ಸ್ಟೇಟ್ ಕಾಂಗ್ರೆಸ್ಸಿನ ಕಾರ್ಯಕರ್ತರು ಸೆರೆಮನೆ ಸೇರಿದರು. ಅನೇಕರು ಗಡಿ ದಾಟಿ ಸೊಲ್ಲಾಪುರದ ಕಡೆ ಶಿಬಿರಗಳನ್ನು ಕಟ್ಟಿಕೊಂಡರು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಕಡೆಯ ಗೋರಟಾ (ಬಿ) ಗ್ರಾಮದ ಮೇಲೆ ನಡೆದ ದಾಳಿಯಲ್ಲಿ ಇನ್ನೂರರಷ್ಟು ಜನ ಸತ್ತರೆಂದು ಈ ಸೀಮೆಯ ಜನ ಇಂದಿಗೂ ನೆನೆಯುತ್ತಾರೆ. 2023ರ ಮಾರ್ಚ್‌ನಲ್ಲಿ ಆ ಊರಿನಲ್ಲಿ ಹುತಾತ್ಮರ ಸ್ಮಾರಕ ಉದ್ಘಾಟನೆಯಾಯಿತು. ನಿಮ್ಮ ಮನೆಯ ಹಿರಿಯರು ‘ರಜಾಕಾರರ ಹಾವಳಿ’ ಎಂದು ಹೇಳಿದಾಗ ಅವರ ದನಿ ಬದಲಾಗುವುದನ್ನು ನೀವು ಗಮನಿಸಿರಬಹುದು.

ಕೊನೆಗೆ 1948ರ ಸೆಪ್ಟೆಂಬರ್ 13ರ ಬೆಳಗಿನ ಜಾವ ಭಾರತದ ಸೇನೆ ಸಂಸ್ಥಾನದೊಳಗೆ ಕಾಲಿಟ್ಟಿತು. ಅದಕ್ಕೆ ‘ಆಪರೇಷನ್ ಪೋಲೊ’ ಎಂದು ಹೆಸರು. ಬೇರೆ ದಿಕ್ಕುಗಳಿಂದಲೂ ಪಡೆಗಳು ಬಂದವು. ಆದರೆ ಮುಖ್ಯ ದಾಳಿ ಪಶ್ಚಿಮದಿಂದ, ಸೊಲ್ಲಾಪುರ–ಹೈದರಾಬಾದ್ ರಸ್ತೆಯ ಮೇಲೆ. ಅದರ ಸೇನಾಧಿಪತಿ ಮೇಜರ್ ಜನರಲ್ ಜೆ. ಎನ್. ಚೌಧುರಿ. ಆ ರಸ್ತೆ ನಿಮಗೆ ಚೆನ್ನಾಗಿ ಗೊತ್ತು. ಹುಮನಾಬಾದಿನ ಮೇಲೆ ಹಾದುಹೋಗುವ ಈಗಿನ 65ನೆಯ ರಾಷ್ಟ್ರೀಯ ಹೆದ್ದಾರಿ ಅದೇ. ಸುಮಾರು 300 ಕಿಲೋಮೀಟರ್ ಉದ್ದದ ಆ ದಾರಿಯ ಮೊದಲ ಬೀಗ ನಳದುರ್ಗ.

ನಳದುರ್ಗದ ಕೋಟೆಯನ್ನು ನೀವು ಸೊಲ್ಲಾಪುರಕ್ಕೆ ಹೋಗುವಾಗ ನೋಡಿರಬಹುದು. ಬೋರಿ ನದಿಯ ಅಂಚಿನಲ್ಲಿ ಅದು ನಿಂತಿದೆ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ನದಿಗೆ ಅಡ್ಡವಾಗಿ ಕಟ್ಟೆ ಕಟ್ಟಿ, ಅದರೊಳಗೇ ಪಾನಿಮಹಲ್ ಎಂಬ ಮಹಲನ್ನು ನಿರ್ಮಿಸಿದರು. ಮಳೆಗಾಲದಲ್ಲಿ ಕಟ್ಟೆಯ ಮೇಲಿಂದ ನೀರು ಧುಮುಕುವಾಗ ಜನ ಅದನ್ನು ನೋಡಲು ಸೇರುತ್ತಾರೆ. 1948ರಲ್ಲಿಯೂ ಅದು ಮಳೆಗಾಲದ ಕೊನೆ. ಸೇನೆಗೆ ಬೇಕಾಗಿದ್ದುದು ಬೋರಿ ನದಿಯ ಸೇತುವೆ. ಶತ್ರು ಅದನ್ನು ಸ್ಫೋಟಿಸಿದ್ದರೆ ಟ್ಯಾಂಕುಗಳೂ ಲಾರಿಗಳೂ ನದಿಯ ಆಚೆಯೇ ನಿಲ್ಲಬೇಕಾಗಿತ್ತು. ಏಳನೆಯ ಬ್ರಿಗೇಡು ಅನಿರೀಕ್ಷಿತವಾಗಿ ಎರಗಿ ಸೇತುವೆಯನ್ನು ಹಾಗೆಯೇ ವಶಪಡಿಸಿಕೊಂಡಿತು. ಆ ಬ್ರಿಗೇಡಿನಲ್ಲಿ ಸಿಖ್ ರೆಜಿಮೆಂಟಿನ ಎರಡನೆಯ ಬೆಟಾಲಿಯನ್ ಇತ್ತು. ಅದರ ಒಂದು ಪ್ಲಟೂನಿನ ಮುಂದಾಳು ಹವಾಲ್ದಾರ ಬಚಿತ್ತರ್ ಸಿಂಗ್.

ಬೆಳಗಿನ ಜಾವ ಸುಮಾರು ನಾಲ್ಕು ಗಂಟೆ. ಅವನ ಕಂಪನಿ ರಸ್ತೆಗೆ ಅಡ್ಡಗಟ್ಟಿ ಕಾಯುತ್ತಿತ್ತು. ಎರಡು ವಾಹನಗಳು ಬರುತ್ತಿರುವುದು ಕಂಡಿತು. ಬಚಿತ್ತರ್ ಸಿಂಗ್ ಗುಂಡು ಹಾರಿಸಲು ಆಜ್ಞೆ ಕೊಟ್ಟ. ವಾಹನಗಳ ಕಾವಲಿನವರು ಇಳಿದು ಮರೆ ಹಿಡಿದು ಎದುರು ಗುಂಡು ಹಾರಿಸತೊಡಗಿದರು. ಅವನು ಗುಂಡಿನ ನಡುವೆಯೇ ಮುಂದೆ ನುಗ್ಗಿ ವಾಹನಗಳನ್ನೂ ಕಾವಲಿನವರನ್ನೂ ಹಿಡಿದ. ಅದೇ ದಿನ ಮತ್ತೊಂದು ನೆಲೆಯ ಮೇಲೆ ದಾಳಿ ಮಾಡಬೇಕಾಯಿತು. ಅಲ್ಲಿ ಒಂದು ಲಘು ಮೆಷಿನ್‌ಗನ್ ಅವನ ಜನರನ್ನು ತಡೆದು ನಿಲ್ಲಿಸಿತ್ತು. ಅದಕ್ಕೆ ಕೇವಲ ಮೂವತ್ತು ಗಜ ದೂರವಿರುವಾಗ ಅವನ ತೊಡೆಗೆ ಗುಂಡುಗಳು ಬಡಿದವು. ನೆಲಕ್ಕೆ ಬಿದ್ದವನು ತೆವಳಿಕೊಂಡು ಮುಂದೆ ಹೋದ. ಎರಡು ಗ್ರೆನೇಡುಗಳನ್ನು ಎಸೆದು ಆ ಗನ್ನನ್ನು ಸುಮ್ಮನಾಗಿಸಿದ. ಹಿಂದಕ್ಕೆ ಒಯ್ಯುತ್ತೇವೆ ಎಂದಾಗ ಒಪ್ಪಲಿಲ್ಲ. ಅಲ್ಲಿಯೇ ಇದ್ದು ತನ್ನವರಿಗೆ ಧೈರ್ಯ ಹೇಳಿದ. ಆ ಗಾಯದಿಂದಲೇ ಪ್ರಾಣ ಬಿಟ್ಟ. ಹುಟ್ಟಿದ್ದು 1917ರಲ್ಲಿ, ವಯಸ್ಸು ಮೂವತ್ತೊಂದು.

ಅವನು ತೆರೆದ ದಾರಿಯಲ್ಲಿ ಆ ಮೇಲೆ ಏನಾಯಿತು ನೋಡಿ. ಬೆಳಿಗ್ಗೆ 9ಕ್ಕೆ ಸೇನೆಯ ಟ್ಯಾಂಕುಗಳು ಜಳಕೋಟ ತಲುಪಿದವು. ಮಧ್ಯಾಹ್ನ ಮೂರೂಕಾಲಕ್ಕೆ ಉಮರ್ಗಾ. ಮರುದಿನ, 14ರಂದು, ದಾರಿಯಲ್ಲಿ ಹೊಂಚು ಹಾಕಿದ್ದ ನೆಲೆಗಳ ಮೇಲೆ ಟೆಂಪೆಸ್ಟ್ ವಿಮಾನಗಳು ದಾಳಿ ಮಾಡಿದವು. ಅಂದು ಮಧ್ಯಾಹ್ನ ಸೇನೆ ರಾಜೇಶ್ವರಕ್ಕೆ ಬಂತು. ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರವೇ ಅದು. ಅಲ್ಲಿಂದ ಮುಂದೆ ಹುಮನಾಬಾದಿನ ಮೇಲೆ ಜಹೀರಾಬಾದಿನ ಕಡೆಗೆ. 16ರಂದು ಬೀದರ್ ರಸ್ತೆ ಹೆದ್ದಾರಿಯನ್ನು ಕೂಡುವಲ್ಲಿ ಮತ್ತೆ ಗುಂಡಿನ ಕಾಳಗವಾಯಿತು. 17ರ ನಸುಕಿನಲ್ಲಿ ಸೇನೆ ಬೀದರ್ ಪ್ರವೇಶಿಸಿತು. ಅದೇ ದಿನ ಸಂಜೆ 5 ಗಂಟೆಗೆ ನಿಜಾಮ ಕದನವಿರಾಮ ಘೋಷಿಸಿದ. ಮರುದಿನ ಹೈದರಾಬಾದ್ ಸೇನೆಯ ದಂಡನಾಯಕ ಎಲ್ ಎದ್ರೂಸ್ ಶರಣಾದ. ನಾವು ಧ್ವಜ ಏರಿಸುವುದು ಐದನೆಯ ದಿನದ ನೆನಪಿಗೆ. ಬಚಿತ್ತರ್ ಸಿಂಗನಿಗೆ ಎರಡನೆಯ ದಿನವೂ ಸಿಗಲಿಲ್ಲ.

ಈಗ ಒಂದು ಕ್ಷಣ ಅವನ ಜಾಗದಲ್ಲಿ ನಿಂತು ಯೋಚಿಸಿ. ಅವನ ಪಂಜಾಬು ಒಂದು ವರ್ಷದ ಹಿಂದೆಯಷ್ಟೇ ಎರಡು ಹೋಳಾಗಿತ್ತು. ಲಕ್ಷಾಂತರ ಜನ ಮನೆ ಮಠ ಬಿಟ್ಟು ಗಡಿಯ ಈಚೆಗೂ ಆಚೆಗೂ ನಡೆದಿದ್ದರು. ಅವನು ಕಾದಾಡಿದ ನಾಡಿನ ಕನ್ನಡ, ಮರಾಠಿ, ತೆಲುಗು ಅವನ ಮಾತಲ್ಲ. ಜೋಳದ ಹೊಲ ಅವನ ಹೊಲವಲ್ಲ. ನಿಜಾಮನ ಕಾಗದಪತ್ರದ ಲೆಕ್ಕದಲ್ಲಿ ಅವನು ಗೈರ್‌ಮುಲ್ಕಿ. ಇನ್ನೊಂದು ಸಂಗತಿಯೂ ಇದೆ. ಭಾರತದ ಪೌರರು ಯಾರು ಎಂಬುದನ್ನು ಹೇಳುವ ಸಂವಿಧಾನದ ವಿಧಿಗಳು ಜಾರಿಗೆ ಬಂದದ್ದು 1949ರ ನವೆಂಬರ್ 26ರಂದು. ಎಂದರೆ ಅವನು ಸತ್ತು 14 ತಿಂಗಳ ಮೇಲೆ. ಯಾವ ದೇಶಕ್ಕಾಗಿ ಅವನು ಸತ್ತನೋ ಆ ದೇಶದ ಪೌರ ಎಂಬ ಮಾತು ಅವನ ಕಾಲದಲ್ಲಿ ಇನ್ನೂ ಸಂವಿಧಾನದ ಹಾಳೆಗೆ ಇಳಿದಿರಲಿಲ್ಲ.

ಅದೇ ಸೆಪ್ಟೆಂಬರ್ 13ರಂದು ದಕ್ಷಿಣದ ಗಡಿಯಲ್ಲಿ ಇನ್ನೊಬ್ಬ ಸೈನಿಕ ಇಂಥದೇ ಸಾಹಸ ಮಾಡಿದ. ತುಂಗಭದ್ರೆಯ ರೈಲು ಸೇತುವೆಯನ್ನು ಕಾಯುತ್ತಿದ್ದ ಮೆಷಿನ್‌ಗನ್ನಿನ ಮೇಲೆ ಖುಕ್ರಿ ಹಿಡಿದು ಓಡಿಹೋಗಿ ಅದನ್ನು ಅಡಗಿಸಿದ ನಾಯಕ್ ನರಬಹಾದುರ್ ಥಾಪಾ. ಅವನು ಐದನೆಯ ಗೂರ್ಖಾ ರೈಫಲ್ಸ್‌ನವನು, ಬದುಕಿ ಉಳಿದ. ಗೂರ್ಖಾ ಪಲ್ಟಣಗಳಲ್ಲಿ ನೇಪಾಳದ ಬೆಟ್ಟದ ಹಳ್ಳಿಗಳಿಂದ ಬಂದು ಸೇರುವವರು ಹಿಂದಿನಿಂದಲೂ ಇದ್ದರು. 1947ರ ನವೆಂಬರಿನಲ್ಲಿ ಭಾರತ, ಬ್ರಿಟನ್, ನೇಪಾಳಗಳ ನಡುವೆ ಒಪ್ಪಂದವಾಗಿ ಗೂರ್ಖಾ ರೆಜಿಮೆಂಟುಗಳು ಹಂಚಿಕೆಯಾದವು. ಹತ್ತರಲ್ಲಿ ಆರು ಭಾರತಕ್ಕೆ ಬಂದವು. ಬೇರೆ ದೇಶದ ಪ್ರಜೆಗಳೂ ನಮ್ಮ ಸೇನೆಯ ಸಮವಸ್ತ್ರ ತೊಟ್ಟು ನಮಗಾಗಿ ಕಾದಾಡಿದ್ದಾರೆ ಎಂಬುದನ್ನು ನೀವು ತಿಳಿದಿರಬೇಕು.

ಎದುರು ಪಕ್ಷದಲ್ಲಿ ಯಾರಿದ್ದರು? ನಳದುರ್ಗವನ್ನು ಕಾಯುತ್ತಿದ್ದುದು ಒಂದನೆಯ ಹೈದರಾಬಾದ್ ಇನ್‌ಫಂಟ್ರಿ. ಏಳು ವರ್ಷಗಳ ಹಿಂದೆ, 1941ರ ಡಿಸೆಂಬರಿನಲ್ಲಿ, ಅದೇ ಪಲ್ಟಣ ಮಲಯದ ಕೋಟಾ ಭರು ಎಂಬಲ್ಲಿ ಜಪಾನಿ ಸೇನೆಯ ಎದುರು ವಿಮಾನ ನಿಲ್ದಾಣವನ್ನು ಕಾಯಲು ನಿಂತಿತ್ತು. ಅಂದು ಮಲಯದಲ್ಲಿ ಸಿಖ್ಖರೂ ಗೂರ್ಖರೂ ಹೈದರಾಬಾದಿನವರೂ ಒಂದೇ ಪಕ್ಷ. 1948ರಲ್ಲಿ ಒಂದೇ ಸೇತುವೆಯ ಎರಡು ಕಡೆ. ಸಂಬಳಕ್ಕಾಗಿ ಸೇನೆ ಸೇರಿದ ಬಡ ಹುಡುಗರು ಎರಡೂ ಕಡೆ ಇದ್ದರು. ರಜಾಕಾರರನ್ನೂ ಸಂಸ್ಥಾನದ ಸಿಪಾಯಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ.

ಬಚಿತ್ತರ್ ಸಿಂಗನಿಗೆ ಸರ್ಕಾರ ಕೊಟ್ಟ ಗೌರವದಲ್ಲಿಯೇ ಈ ವಿವೇಕ ಅಡಗಿದೆ. 1952ರ ಜನವರಿಯಲ್ಲಿ ‘ಅಶೋಕ ಚಕ್ರ, ಪ್ರಥಮ ದರ್ಜೆ’ ಎಂಬ ಪದಕ ಸ್ಥಾಪನೆಯಾಯಿತು. 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ ಅದನ್ನು ಜಾರಿಗೆ ತಂದರು. ಅದನ್ನು ಮೊಟ್ಟಮೊದಲು ಪಡೆದ ಮೂವರಲ್ಲಿ ಒಬ್ಬ ಬಚಿತ್ತರ್ ಸಿಂಗ್, ಮರಣೋತ್ತರವಾಗಿ. ಇನ್ನೊಬ್ಬ ನರಬಹಾದುರ್ ಥಾಪಾ. ಮೂರನೆಯವರು ವಾಯುಸೇನೆಯ ಫ್ಲೈಟ್ ಲೆಫ್ಟಿನೆಂಟ್ ಸುಹಾಸ್ ಬಿಸ್ವಾಸ್. ಯುದ್ಧದಲ್ಲಿ ಶತ್ರುವಿನ ಎದುರು ತೋರುವ ಅತ್ಯುನ್ನತ ಶೌರ್ಯಕ್ಕೆ ಪರಮವೀರ ಚಕ್ರ ಸಲ್ಲುತ್ತದೆ. ಶತ್ರುವಿನ ಎದುರಲ್ಲದ ಸನ್ನಿವೇಶದಲ್ಲಿ ತೋರಿದ ಶೌರ್ಯಕ್ಕೆ ಅಶೋಕ ಚಕ್ರ. ಗುಂಡಿನ ಸುರಿಮಳೆಯಲ್ಲಿ ಸತ್ತವನಿಗೆ ಎರಡನೆಯದು ಯಾಕೆ? ಸರ್ಕಾರ ಹೈದರಾಬಾದಿನ ಕಾರ್ಯಾಚರಣೆಯನ್ನು ಯುದ್ಧ ಎಂದು ಕರೆಯಲಿಲ್ಲ. ಅದನ್ನು ‘ಪೊಲೀಸ್ ಕಾರ್ಯಾಚರಣೆ’ ಎಂದಿತು. ಸ್ವಂತ ಮನೆಯೊಳಗೆ ಕಾನೂನು ಕಾಯುವ ಕೆಲಸ ಅದು. ಎದುರು ನಿಂತವರು ಪರದೇಶದ ಶತ್ರುಗಳಲ್ಲ. ಬಚಿತ್ತರ್ ಸಿಂಗನ ಪದಕದ ಅರ್ಥವನ್ನು ನಾನು ಹೀಗೆ ಓದುತ್ತೇನೆ: ಈ ನಾಡಿನ ಜನ, ಯಾವ ಮತದವರೇ ಆಗಲಿ, ಶತ್ರುಗಳಲ್ಲ.

ಆದರೆ ಮುಂದಿನ ದಿನಗಳಲ್ಲಿ ಈ ಮಾತು ಉಳಿಯಲಿಲ್ಲ. ನಿಜಾಮ ಶರಣಾದ ಮೇಲೆ ಹಳ್ಳಿಗಳಲ್ಲಿ ಸೇಡಿನ ಕಿಚ್ಚು ಎದ್ದಿತು. ರಜಾಕಾರರ ಪಾಪಕ್ಕೆ ಏನೂ ಅರಿಯದ ಮುಸಲ್ಮಾನ ರೈತರು, ನೇಕಾರರು, ಅವರ ಮನೆಮಂದಿ ಬಲಿಯಾದರು. ಪ್ರಧಾನಿ ನೆಹರೂ ಅವರು ಪಂಡಿತ್ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಮೊದಲಾದವರನ್ನು ಕಳುಹಿಸಿ ವಿಚಾರಿಸಿದರು. ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಆ ತಂಡ ಅಂದಾಜು ಮಾಡಿತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಹೆಸರುಗಳನ್ನು ಹೇಳಿತು. ಕೆಲವೆಡೆ ಸಮವಸ್ತ್ರದವರೂ ಅದರಲ್ಲಿ ಸೇರಿದ್ದರೆಂದು ಬರೆಯಿತು. ನೆರೆಯ ಮುಸಲ್ಮಾನರನ್ನು ಪ್ರಾಣ ಒತ್ತೆಯಿಟ್ಟು ಕಾಪಾಡಿದ ಹಿಂದೂಗಳ ವಿಷಯವನ್ನೂ ಬರೆಯಿತು. ಆ ವರದಿ ಹಲವು ದಶಕಗಳ ಕಾಲ ಪ್ರಕಟವಾಗಲಿಲ್ಲ.

ಸೈನಿಕನ ಸ್ಮರಣೆಯಲ್ಲಿ ಇದನ್ನೆಲ್ಲ ಯಾಕೆ ಹೇಳಬೇಕು ಎಂದು ನೀವು ಕೇಳಬಹುದು. ಅವನನ್ನು ನಿಜವಾಗಿ ನೆನೆಯಬೇಕಾದರೆ ಹೇಳಲೇಬೇಕು. ಅವನು ಕಾನೂನನ್ನು ಹಿಂದಕ್ಕೆ ತರಲು ಬಂದವರಲ್ಲಿ ಒಬ್ಬ. ಅವನ ಹೆಸರನ್ನು ದ್ವೇಷದ ಭಾಷಣಕ್ಕೆ ಬಳಸಿದರೆ ಅವನ ಪದಕಕ್ಕೆ ಅಪಚಾರ. ಗೋರಟಾದ ಸಾವುಗಳನ್ನು ಮರೆಯುವುದು ಎಷ್ಟು ತಪ್ಪೋ, ಸೆಪ್ಟೆಂಬರಿನ ನಂತರದ ಸಾವುಗಳನ್ನು ಮುಚ್ಚಿಡುವುದೂ ಅಷ್ಟೇ ತಪ್ಪು. ಮೂರೂ ಒಂದೇ ರಸ್ತೆಯ, ಒಂದೇ ವರ್ಷದ ಸಾವುಗಳು.

ಹೊರಗಿನಿಂದ ಬಂದ ಸೈನಿಕರ ವಿಷಯದಲ್ಲಿ ಲೋಕದ ಬೇರೆ ನಾಡುಗಳೂ ಇಂಥ ಪ್ರಶ್ನೆಯನ್ನು ಎದುರಿಸಿವೆ. ಗ್ವಾಟೆಮಾಲಾ ದೇಶದ ಅನಾಥ ಹುಡುಗ ಹೋಸೆ ಆಂಟೋನಿಯೊ ಗುಟಿಯೆರೆಸ್ ಕಾಗದಪತ್ರವಿಲ್ಲದೆ ಅಮೆರಿಕ ಸೇರಿ, ಮುಂದೆ ಅದರ ಮೆರೀನ್ ಪಡೆಗೆ ಸೇರಿದ. 2003ರ ಮಾರ್ಚ್ 21ರಂದು ಇರಾಕಿನಲ್ಲಿ ಸತ್ತ. ಆ ಯುದ್ಧದಲ್ಲಿ ಅಮೆರಿಕ ಕಳೆದುಕೊಂಡ ಮೊದಲ ಸೈನಿಕರಲ್ಲಿ ಅವನೂ ಒಬ್ಬ. ಬದುಕಿದ್ದಾಗ ಅವನು ಆ ದೇಶದ ಪೌರನಲ್ಲ. ಸತ್ತ ಮೇಲೆ ಅದೇ ವರ್ಷ ಅವನಿಗೆ ಪೌರತ್ವ ಕೊಟ್ಟರು. ಜೀವಂತ ಮನುಷ್ಯನಿಗೆ ಇಲ್ಲದ ಜಾಗ ಅವನ ಶವಕ್ಕೆ ಸಿಕ್ಕಿತು. ನಮ್ಮ ಬಚಿತ್ತರ್ ಸಿಂಗನಿಗೆ ಈ ನೆಲದ ಮುಲ್ಕಿ ಹಕ್ಕನ್ನು ಯಾರೂ ಬರೆದುಕೊಡಲಿಲ್ಲ, ಅವನು ಕೇಳಲೂ ಇಲ್ಲ.

ಅವನ ಹೆಸರು ನಮ್ಮ ಕಿವಿಗೆ ಬೀಳದಿರಲು ಒಂದು ಸರಳ ಕಾರಣ ನಕಾಶೆಯಲ್ಲಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ್, ಗುಲ್ಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ನಳದುರ್ಗ ಉಸ್ಮಾನಾಬಾದ್ ಜಿಲ್ಲೆಯೊಡನೆ ಮುಂಬಯಿ ರಾಜ್ಯಕ್ಕೆ, ಮುಂದೆ ಮಹಾರಾಷ್ಟ್ರಕ್ಕೆ ಸೇರಿತು. ಆ ಜಿಲ್ಲೆಗೆ ಈಗ ಧಾರಾಶಿವ ಎಂದು ಹೆಸರು. ಅವನು ಸತ್ತ ಊರು ಒಂದು ರಾಜ್ಯದಲ್ಲಿ, ಹುಟ್ಟಿದ ಊರು ಇನ್ನೊಂದರಲ್ಲಿ, ಅವನು ತೆರೆದ ದಾರಿಯ ಊರುಗಳು ಮತ್ತೆರಡರಲ್ಲಿ. ಪ್ರತಿಯೊಂದು ರಾಜ್ಯವೂ ತನ್ನ ತನ್ನ ವೀರರ ಪಟ್ಟಿಯನ್ನು ಬರೆದುಕೊಂಡಿತು. ಇಂಥ ಹೆಸರುಗಳು ಪಟ್ಟಿಗಳ ನಡುವಿನ ಸಂದಿಯಲ್ಲಿ ಜಾರಿಹೋದವು.

ಮಿತ್ರರೇ, ನಿಮಗೆ ಎರಡು ಸಣ್ಣ ಕೆಲಸಗಳನ್ನು ಹೇಳಿ ಮುಗಿಸುತ್ತೇನೆ. ನಿಮ್ಮ ಓಣಿಯಲ್ಲಿ ತೊಂಬತ್ತು ದಾಟಿದ ಅಜ್ಜ, ಅಜ್ಜಿ ಯಾರಾದರೂ ಇದ್ದರೆ ಅವರ ಬಳಿ ಕುಳಿತು ‘ಪೋಲೀಸ್ ಆಕ್ಷನ್’ ದಿನಗಳ ವಿಷಯ ಕೇಳಿ, ತೇದಿ ಹಾಕಿ ಬರೆದಿಡಿ. ಹಿಂದೂ ಮನೆಯಲ್ಲಿಯೂ ಕೇಳಿ, ಮುಸಲ್ಮಾನರ ಮನೆಯಲ್ಲಿಯೂ ಕೇಳಿ. ಎರಡು ಬರಹಗಳನ್ನು ಒಂದೇ ವಹಿಯಲ್ಲಿ ಇಡಿ. ಇನ್ನೊಂದು, ಮುಂದೆ ಎಂದಾದರೂ ಹುಮನಾಬಾದಿನಿಂದ ಬಸ್ಸು ಹಿಡಿದು ಸೊಲ್ಲಾಪುರಕ್ಕೆ ಹೋದಾಗ, ನಳದುರ್ಗದಲ್ಲಿ ಬೋರಿ ನದಿಯನ್ನು ದಾಟುವಾಗ ಕಿಟಕಿಯಿಂದ ಹೊರಗೆ ನೋಡಿ. ಪಕ್ಕದಲ್ಲಿ ಕುಳಿತ ತಮ್ಮನಿಗೋ ತಂಗಿಗೋ ಆ ಹವಾಲ್ದಾರನ ಹೆಸರನ್ನು ಒಮ್ಮೆ ಹೇಳಿ.